ಸ್ಟೆಂಟ್ ಉಚಿತ, ಹದಿನಾರನೇ ದಿನದ ಮಾತ್ರೆ ಯಾರದು?

ಮಾನ್ಯರೇ,

‘ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಉಚಿತ ಚಿಕಿತ್ಸೆ’ ಎಂಬ ಫಲಕವನ್ನು ಈಗ ಎಲ್ಲರೂ ನೋಡಿದ್ದಾರೆ. ಫಲಕದ ಮಾತು ಸುಳ್ಳಲ್ಲ. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂದ ಮೇಲೆ ಹೊಲ ಮಾರದೆ ಬೈಪಾಸ್ ಮಾಡಿಸಿಕೊಂಡು ಬಂದವರು ಊರೂರಲ್ಲೂ ಸಿಗುತ್ತಾರೆ. ಆದರೆ ಈ ಯೋಜನೆ ದುಡ್ಡು ಕಟ್ಟುವುದು ಹಾಸಿಗೆಗೆ. ಹಾಸಿಗೆ ಬಿಟ್ಟೆದ್ದ ರೋಗಿಯ ಮುಂದಿನ ತಿಂಗಳುಗಳ ಮಾತ್ರೆ, ಬಸ್ ಚಾರ್ಜು, ತಪ್ಪಿಹೋದ ಕೂಲಿ ಅದರ ಲೆಕ್ಕದಲ್ಲಿ ಬರುವುದಿಲ್ಲ. ಕೈಯಲ್ಲಿ ಕಾಸಿಲ್ಲದವರ ಕಾಯಿಲೆ ತಿರುಗಿ ಬೀಳುವುದು ಇಲ್ಲೇ.

ಹೃದಯಾಘಾತವಾದವರನ್ನೇ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ. ಮುಂದೆ ದೊಡ್ಡಾಸ್ಪತ್ರೆಯಲ್ಲಿ, ಮುಚ್ಚಿದ ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಕೂಡ ಪ್ಯಾಕೇಜಿನಲ್ಲೇ, ಅಂದರೆ ಆ ಚಿಕಿತ್ಸೆಗೆಂದು ಯೋಜನೆ ಗೊತ್ತುಮಾಡಿದ ಮೊತ್ತದಲ್ಲೇ ಆಗುತ್ತದೆ. ಬಿಡುಗಡೆಯ ದಿನ ಕೈಗೆ ಬರುವ ಚೀಟಿಯಲ್ಲಿ ಸಾಮಾನ್ಯವಾಗಿ ಐದಾರು ಮಾತ್ರೆ ಇರುತ್ತವೆ: ರಕ್ತ ತೆಳುವಾಗಿಸುವ ಆಸ್ಪಿರಿನ್ 75 ಮತ್ತು ಕ್ಲೋಪಿಡೋಗ್ರೆಲ್ 75 (ಅಥವಾ ಅದರ ಬದಲು ಟಿಕಾಗ್ರೆಲಾರ್), ಕೊಲೆಸ್ಟ್ರಾಲಿಗೆ ಅಟೊರ್ವಾಸ್ಟಾಟಿನ್, ಎದೆಬಡಿತ–ಬಿಪಿಗೆ ಮೆಟೊಪ್ರೊಲಾಲ್, ರಾಮಿಪ್ರಿಲ್, ಜೊತೆಗೊಂದು ಗ್ಯಾಸ್ ಮಾತ್ರೆ. ಆಯುಷ್ಮಾನ್ ಭಾರತ್ ನಿಯಮದ ಪ್ರಕಾರ ಬಿಡುಗಡೆಯ ನಂತರದ ಔಷಧ 15 ದಿನಕ್ಕೆ ಮಾತ್ರ. ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಎರಡು ಮಾತ್ರೆಗಳನ್ನು ಒಟ್ಟಿಗೆ ನುಂಗಬೇಕಾದದ್ದು ಸಾಮಾನ್ಯವಾಗಿ 12 ತಿಂಗಳು. ಇನ್ನುಳಿದ ಹನ್ನೊಂದೂವರೆ ತಿಂಗಳು ರೋಗಿಯ ಜೇಬಿನ ಮೇಲೆ.

ಹದಿನಾರನೇ ದಿನದಿಂದ ಏನಾಗುತ್ತದೆ ಎಂಬುದು ಔಷಧದ ಅಂಗಡಿಯ ಕೌಂಟರಿನಲ್ಲಿ ಕಾಣುತ್ತದೆ. ‘ಆರರಲ್ಲಿ ಮೂರು ಕೊಡಿ’ ಎಂದು ಚೀಟಿ ಮುಂದಿಡುತ್ತಾರೆ. ಯಾವ ಮೂರು? ಗ್ಯಾಸ್ ಮಾತ್ರೆ ಬಿಡುವುದಿಲ್ಲ. ಅದು ನುಂಗಿದರೆ ಎದೆ ಉರಿ ಇಳಿದದ್ದು ಗೊತ್ತಾಗುತ್ತದೆ. ಕ್ಲೋಪಿಡೋಗ್ರೆಲ್ ನುಂಗಿದರೂ ಗೊತ್ತಾಗುವುದಿಲ್ಲ, ಬಿಟ್ಟರೂ ಗೊತ್ತಾಗುವುದಿಲ್ಲ. ಹಾಗಾಗಿ ಮೊದಲು ಕೈಬಿಡುವುದು ಅದನ್ನೇ. ನಿಲ್ಲಿಸಿದ ಐದರಿಂದ ಏಳು ದಿನಕ್ಕೆ ರಕ್ತದ ಕಿರುಬಿಲ್ಲೆಗಳಿಗೆ (ಪ್ಲೇಟ್ಲೆಟ್) ಅಂಟುವ ಗುಣ ಮರಳುತ್ತದೆ. ಸ್ಟೆಂಟಿನ ಲೋಹದ ಜಾಲರಿಯ ಮೇಲೆ ರಕ್ತನಾಳದ ಒಳಪೊರೆ ಇನ್ನೂ ಪೂರ್ತಿ ಹಬ್ಬಿರುವುದಿಲ್ಲ. ಬರಿ ಲೋಹ ಕಂಡಲ್ಲಿ ಹೆಪ್ಪು ಕಟ್ಟಿ, ಅದೇ ನಾಳ ಒಮ್ಮೆಲೇ ಮುಚ್ಚಿಕೊಳ್ಳಬಹುದು. ಸರ್ಕಾರ ದುಡ್ಡು ಸುರಿದು ತೆರೆದ ನಾಳ ಕೆಲವು ರೂಪಾಯಿಯ ಮಾತ್ರೆ ತಪ್ಪಿದ್ದಕ್ಕೆ ಮುಚ್ಚಿದರೆ ಮತ್ತೆ ಆಂಬುಲೆನ್ಸ್, ಮತ್ತೆ ಪ್ಯಾಕೇಜು. ಮೆಟೊಪ್ರೊಲಾಲ್‌ದು ಬೇರೆ ಕಥೆ: ಅದನ್ನು ಥಟ್ಟನೆ ನಿಲ್ಲಿಸಿದರೆ ಎದೆಬಡಿತ, ಬಿಪಿ ಎರಡೂ ಏರಿ ಎದೆನೋವು ಮರುಕಳಿಸಬಹುದು.

ಇನ್ನು ಶೀಟು ಕತ್ತರಿಸುವ ವಿಚಾರ. ಶನಿವಾರದ ಬಟವಾಡೆವರೆಗೆ ನಾಲ್ಕು ಮಾತ್ರೆ ಸಾಕು ಅಂದಾಗ ಅಂಗಡಿಯವರು ಕತ್ತರಿ ಆಡಿಸುತ್ತಾರೆ. ಬ್ಯಾಚ್ ನಂಬರು, ಕೊನೆಯ ದಿನಾಂಕ ಅಚ್ಚಾಗಿರುವುದು ಶೀಟಿನ ಒಂದು ತುದಿಯಲ್ಲಿ. ಇನ್ನೊಂದು ತುದಿ ಸಿಕ್ಕವರ ಕೈಯಲ್ಲಿ ಅರ್ಧ ಹೆಸರಿನ ಬೆಳ್ಳಿ ಕಾಗದವಷ್ಟೇ ಉಳಿಯುತ್ತದೆ. ಮುಂದಿನ ಸಲ ‘ಆ ಸಣ್ಣ ಬಿಳಿ ಗುಂಡು ಮಾತ್ರೆ’ ಎಂದು ಕೇಳುತ್ತಾರೆ. ಸಣ್ಣ ಬಿಳಿ ಗುಂಡು ಮಾತ್ರೆ ಅಂಗಡಿಯಲ್ಲಿ ನೂರಿವೆ. ಬಿಡಿಯಾಗಿ ಕೊಳ್ಳಲೇಬೇಕಾದವರು ಹೆಸರು, ತಾರೀಖು ಇರುವ ತುದಿ ಕೊಡಿ ಎಂದು ಕೇಳಬೇಕು. ಆಗದಿದ್ದರೆ ಕತ್ತರಿಸುವ ಮೊದಲು ಪೂರ್ತಿ ಶೀಟಿನ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು. ಚೀಟಿಯಲ್ಲಿ ಕಂಪನಿ ಹೆಸರಿದ್ದರೆ ಅದರ ಕೆಳಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಂಡರೆ ಜನೌಷಧಿ ಮಳಿಗೆಯಲ್ಲಿ ಅದೇ ಮಾತ್ರೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುವುದುಂಟು. ತೊಡಕು ಬರುವುದು ಎರಡು ಮೂರು ಔಷಧ ಸೇರಿಸಿದ ಕ್ಯಾಪ್ಸೂಲ್ ಬರೆದಾಗ. ಅದೇ ಜೋಡಿ ಜನೌಷಧಿಯಲ್ಲಿ ಎಷ್ಟೋ ಸಲ ಇರುವುದಿಲ್ಲ. ಬಿಡಿ ಬಿಡಿಯಾಗಿ ಇದ್ದರೂ ‘ಇಲ್ಲ’ ಎಂಬ ಉತ್ತರ ಬರುತ್ತದೆ. ವೈದ್ಯರು ಬಿಡಿಬಿಡಿಯಾಗಿ ಬರೆದರೆ ಈ ಗಂಟು ಅಲ್ಲೇ ಬಿಚ್ಚುತ್ತದೆ.

ಡಯಾಲಿಸಿಸ್‌ನಲ್ಲಿ ಲೆಕ್ಕ ಇನ್ನೂ ಕಠೋರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುತ್ತಿರುವುದು ದೊಡ್ಡ ಉಪಕಾರ. ಇಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಕಿಡ್ನಿ ಕಾಯಿಲೆ ಎಂದರೆ ಸೀದಾ ಸಾವೇ. ಒಂದು ಸಲ ಯಂತ್ರದ ಮೇಲೆ ಮಲಗುವುದು 4 ತಾಸು. ಹೋಗಿ ಬರುವುದು, ಕಾಯುವುದು, ಮುಗಿದ ಮೇಲಿನ ಸುಸ್ತು ಸೇರಿದರೆ ಒಂದು ದಿನ ಪೂರ್ತಿ ಹೋಯಿತು. ವಾರಕ್ಕೆ ಎರಡು ಸಲ ಎಂದರೆ ವರ್ಷಕ್ಕೆ 104 ದಿನ. ಒಬ್ಬರು ಜೊತೆಗೆ ಹೋಗಲೇಬೇಕು. 2025–26ರಲ್ಲಿ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂ. ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡರೂ ಇಬ್ಬರ ಕೈತಪ್ಪಿದ ಕೂಲಿ ವರ್ಷಕ್ಕೆ 76,960 ರೂ. ವೈದ್ಯರು ಹೇಳುವ ಹಾಗೆ ವಾರಕ್ಕೆ ಮೂರು ಸಲ ಮಾಡಿಸಿದರೆ 156 ದಿನ, ಇಬ್ಬರಿಗೆ 1,15,440 ರೂ. ಬಿಪಿಎಲ್ ಕಾರ್ಡಿಗೆ ಸರ್ಕಾರ ಇಟ್ಟಿರುವ ವರಮಾನದ ಮಿತಿ ವರ್ಷಕ್ಕೆ 1.2 ಲಕ್ಷ. ಅಂದರೆ ‘ಉಚಿತ’ ಚಿಕಿತ್ಸೆಯನ್ನು ಪೂರ್ತಿ ಪಡೆಯಲು ಒಂದು ಬಡ ಕುಟುಂಬ ತನ್ನ ಹೆಚ್ಚುಕಡಿಮೆ ಇಡೀ ವರಮಾನದಷ್ಟು ಕೂಲಿ ಬಿಡಬೇಕು.

ಹೀಗಾಗಿ ಮೂರು ಎರಡಾಗುತ್ತದೆ, ಕಬ್ಬು ಕಟಾವಿನಲ್ಲೋ ಕಾಫಿ ಕೊಯ್ಲಿನಲ್ಲೋ ಎರಡು ಒಂದಾಗುತ್ತದೆ. ತಪ್ಪಿದ ದಿನಗಳಲ್ಲಿ ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಏರುತ್ತದೆ. ಕಾಲು ಊದಿ, ರಾತ್ರಿ ಮಲಗಿದರೆ ಉಸಿರು ಕಟ್ಟುವುದು ನೀರಿನ ಗುರುತು. ಪೊಟ್ಯಾಸಿಯಂ ಏರಿದ್ದಕ್ಕೆ ಎಷ್ಟೋ ಸಲ ಗುರುತೇ ಇರುವುದಿಲ್ಲ, ನೇರ ಎದೆಬಡಿತವೇ ತಪ್ಪುತ್ತದೆ. ಸುಸ್ತಾಗಿದೆಯೆಂದು ಅಕ್ಕರೆಯಿಂದ ಕೊಡುವ ಎಳನೀರು, ಬಾಳೆಹಣ್ಣು ಇಲ್ಲಿ ವಿಷಕ್ಕೆ ಸಮ. ಎರಡರಲ್ಲೂ ಪೊಟ್ಯಾಸಿಯಂ ಧಾರಾಳ. ಡಯಾಲಿಸಿಸ್ ಒಂದು ದಿನ ತಪ್ಪಿಸಲೇಬೇಕಾಗಿ ಬಂದರೆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಮರುದಿನದ ಪಾಳಿ ಕೇಳಬೇಕು, ಅಲ್ಲಿಯತನಕ ನೀರು, ಉಪ್ಪು ಬಿಗಿಹಿಡಿಯಬೇಕು. ಅತ್ತ ಆಸ್ಪತ್ರೆಯವರೂ ನೀರು ಶುದ್ಧಿಯ ಯಂತ್ರ ಕೆಟ್ಟ ದಿನ ರೋಗಿಗಳಿಗೆ ಬೆಳಿಗ್ಗೆಯೇ ತಿಳಿಸಬೇಕು. ಐವತ್ತು ಕಿಲೋಮೀಟರ್ ಬಂದವರನ್ನು ಗೇಟಿನಿಂದ ವಾಪಸ್ ಕಳಿಸಿದರೆ ಅವರು ಕಳೆದುಕೊಳ್ಳುವುದು ಬಸ್ ಚಾರ್ಜನ್ನಷ್ಟೇ ಅಲ್ಲ.

ಬಸ್ಸಿನ ಮಾತು ಬಂದದ್ದಕ್ಕೆ ಒಂದು ಮಾತು. 2023ರ ಜೂನ್‌ನಿಂದ ಜಾರಿಯಲ್ಲಿರುವ, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ‘ಶಕ್ತಿ’ಯನ್ನು ಯಾರೂ ಆರೋಗ್ಯ ಯೋಜನೆ ಎಂದು ಕರೆದಿಲ್ಲ. ಆದರೆ ತಿಂಗಳ ತಪಾಸಣೆಗೆ ಹೋಗುವ ಹೆಂಗಸರಿಗೆ, ಗಂಡನನ್ನೋ ಮಗುವನ್ನೋ ಆಸ್ಪತ್ರೆಗೆ ಕರೆದೊಯ್ಯುವವರಿಗೆ ಅದು ಮಾಡಿದಷ್ಟು ಉಪಕಾರವನ್ನು ಎಷ್ಟೋ ಆರೋಗ್ಯ ಯೋಜನೆಗಳು ಮಾಡಿಲ್ಲ. ಖಾಸಗಿ ಬಸ್ಸುಗಳೇ ಓಡುವ ಕರಾವಳಿಯ ಒಳಊರುಗಳಿಗೆ ಮಾತ್ರ ಈ ಭಾಗ್ಯವಿಲ್ಲ. ಗಂಡು ರೋಗಿಗೂ ಇಲ್ಲ. ಡಯಾಲಿಸಿಸ್ ಕಾರ್ಡ್ ತೋರಿಸಿದರೆ ರೋಗಿ ಯಾರೇ ಇರಲಿ ಟಿಕೆಟ್ ಬೇಡ ಎನ್ನುವುದಕ್ಕೆ ಸಾರಿಗೆ ಸಂಸ್ಥೆಗಳಿಗೆ ಎಷ್ಟು ಹೊರೆಯಾದೀತು?

ಸಕ್ಕರೆ ಕಾಯಿಲೆಯಲ್ಲಿ ಕೆಡುವುದು ಸಣ್ಣ ಸಣ್ಣ ವಿಷಯದಲ್ಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ 10 ಎಂಎಲ್, ಒಂದು ಎಂಎಲ್‌ಗೆ 40 ಯೂನಿಟ್, ಒಟ್ಟು 400. ದಿನಕ್ಕೆ 40 ಯೂನಿಟ್ ಬೇಕಾದವರಿಗೆ ಅದು ಹತ್ತೇ ದಿನ. ಒಂದು ಸಲಕ್ಕೆ ಒಂದೇ ಬಾಟಲಿ ಎಂಬ ಪದ್ಧತಿ ಇದ್ದಲ್ಲಿ ತಿಂಗಳಿಗೆ ಮೂರು ದಿನದ ಕೂಲಿ ಬಾಟಲಿಗೇ ಹೋಯಿತು. ಆಗ ರೋಗಿ ತಾನೇ ಲೆಕ್ಕ ಹಾಕಿ 40ನ್ನು 25ಕ್ಕೆ ಇಳಿಸುತ್ತಾರೆ, ಬಾಟಲಿ ಹದಿನಾರು ದಿನ ಬರುತ್ತದೆ. ಮುಂದಿನ ಸಲ ಸಕ್ಕರೆ 300 ದಾಟಿದ್ದನ್ನು ಕಂಡ ವೈದ್ಯರು, ಹೇಳಿದ್ದಷ್ಟನ್ನೂ ಚುಚ್ಚಿಕೊಳ್ಳುತ್ತಿದ್ದಾರೆಂದೇ ತಿಳಿದು 50ಕ್ಕೆ ಏರಿಸುತ್ತಾರೆ. ಯಾವತ್ತೋ ಒಂದು ದಿನ ಆ 50ನ್ನು ಪೂರ್ತಿ ಚುಚ್ಚಿಕೊಂಡರೆ ರೋಗಿ ನೆಲಕ್ಕೆ. ‘ಸರಿಯಾಗಿ ತಗೋತಿದೀರಾ?’ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಕೊನೇ ಬಾಟಲಿ ಎಷ್ಟು ದಿನ ಬಂತು?’ ಎಂದು ಕೇಳಿದರೆ ನಿಜ ಹೊರಬೀಳುತ್ತದೆ.

ಸಿರಿಂಜಿನಲ್ಲೂ ಅಪಾಯವಿದೆ. 40 ಯೂನಿಟ್‌ನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಸರ್ಕಾರಿ ಬಾಟಲಿ ಮುಗಿದು, ಯಾರೋ ಪುಣ್ಯಾತ್ಮರು ಕೊಡಿಸಿದ 100ರ ಇನ್ಸುಲಿನ್ ಅನ್ನು ಮನೆಯಲ್ಲಿದ್ದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20 ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು. ಬಾಟಲಿ ಬದಲಾದರೆ ಸಿರಿಂಜೂ ಬದಲಾಗಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಬಳಸುತ್ತಿರುವ ಬಾಟಲಿಯನ್ನು ಮುಚ್ಚಳ ಬಿಗಿಯಿರುವ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ನೆರಳಲ್ಲಿ ಇಟ್ಟರೆ ಬೇಸಿಗೆಯಲ್ಲೂ ತಕ್ಕಮಟ್ಟಿಗೆ ತಂಪಿರುತ್ತದೆ. ಒಲೆಯ ಪಕ್ಕದ ಗೂಡು, ತಗಡಿನ ಮಾಡಿನಡಿಯ ಅಟ್ಟ ಮಾತ್ರ ಬೇಡ.

ತಿಂಗಳ ಕೊನೆ ಬಂದಾಗ ಇನ್ನೊಂದು ಬಗೆ. ಹಿಟ್ಟು, ಬೇಳೆ ಮುಗಿದಿರುತ್ತವೆ, ರಾತ್ರಿಗೆ ಗಂಜಿಯೋ ಚಹಾ–ಬನ್ನೋ ಆಗುತ್ತದೆ. ಆದರೆ ಮಾತ್ರೆ ತಪ್ಪಿಸಬಾರದೆಂದು ಗ್ಲಿಮೆಪಿರೈಡ್ ನುಂಗಿ ಮಲಗುತ್ತಾರೆ. ಹೊಟ್ಟೆ ಖಾಲಿಯಿದ್ದರೂ ಈ ಮಾತ್ರೆ ಸಕ್ಕರೆ ಇಳಿಸುತ್ತಲೇ ಹೋಗುತ್ತದೆ. ಬೆಳಗಿನ ಜಾವ ಬೆವರು, ನಡುಕ, ತೊದಲು. ಮನೆಯವರು ಲಕ್ವ ಎಂದೋ ಗಾಳಿ ಸೋಕಿತೆಂದೋ ತಿಳಿಯುತ್ತಾರೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಬೇಕು, ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಸಿ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಊಟವಿಲ್ಲದ ದಿನ ಯಾವ ಮಾತ್ರೆ ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಸಕ್ಕರೆ ರೋಗಿಗೆ ಮೊದಲೇ ಹೇಳಿಕೊಡಬೇಕು. ಊಟವಿಲ್ಲದ ದಿನ ಬರುವುದೇ ಇಲ್ಲವೆಂಬಂತೆ ಚೀಟಿ ಬರೆದಿರುತ್ತಾರೆ.

ಬಡವರು ವೈದ್ಯ ಪದವಿ ಇಲ್ಲದವರು ನಡೆಸುವ ಆರ್‌ಎಂಪಿ ಕ್ಲಿನಿಕ್ಕಿಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳುವುದನ್ನು ಓದಿದವರು ಅಜ್ಞಾನ ಎನ್ನುತ್ತಾರೆ. ಅದು ಅಷ್ಟು ಸರಳವಲ್ಲ. ಜ್ವರಕ್ಕೆ ಮೂರು ದಿನ ವಿಶ್ರಾಂತಿ ಎಂದರೆ ಮೂರು ಹಾಜರಿ ಹೋಯಿತು, ವಾರದ ಸಂಘದ ಕಂತು ಬಾಕಿ ಬಿತ್ತು. ಸಂಜೆ ಏಳಕ್ಕೆ ತೆರೆದಿರುವ, ‘ನಾಳೆ ಕೆಲಸಕ್ಕೆ ಹೋಗಬಹುದು’ ಎನ್ನುವ ಜಾಗ ಅದೊಂದೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ನಡೆಯುವುದು ಕೂಲಿಯವರು ಕೆಲಸದಲ್ಲಿರುವ ಹೊತ್ತಿನಲ್ಲೇ. ಆ ಡ್ರಿಪ್ ಬಾಟಲಿಯಲ್ಲಿ ಏನಿದೆ ಎಂಬುದನ್ನಾದರೂ ಜನರಿಗೆ ಹೇಳಬೇಕು: 5 ಪರ್ಸೆಂಟಿನ 500 ಎಂಎಲ್ ಗ್ಲೂಕೋಸಿನಲ್ಲಿ 25 ಗ್ರಾಂ ಸಕ್ಕರೆ, ಅಂದರೆ ಐದು ಚಮಚ. ಶಕ್ತಿಯ ಲೆಕ್ಕದಲ್ಲಿ ಒಂದು ಚಪಾತಿಯಷ್ಟು. ಸಂಜೆಯ ಕ್ಲಿನಿಕ್ ತೆರೆಯದೆ ಡ್ರಿಪ್ ಕೆಟ್ಟದ್ದೆಂದು ಭಾಷಣ ಮಾಡಿ ಏನೂ ಪ್ರಯೋಜನವಿಲ್ಲ.

ಕ್ಷಯದಲ್ಲಿ ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ದುಡ್ಡು ಕೊಡುತ್ತದೆ. ನಿಕ್ಷಯ್ ಪೋಷಣ್ ಯೋಜನೆಯಡಿ ತಿಂಗಳಿಗೆ 500 ರೂ. ಇದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಆದರೆ ಖಾತೆಗೆ ಆಧಾರ್ ಜೋಡಣೆಯಾಗದೆ, ವ್ಯವಹಾರವಿಲ್ಲದೆ ಖಾತೆ ನಿಂತುಹೋಗಿ ಹಣ ಬಾರದವರೂ ಇದ್ದಾರೆ. ಚಿಕಿತ್ಸೆ ಶುರುವಾದ ವಾರವೇ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ ಜೋಡಣೆ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು. ಇನ್ನೊಂದು, ಔಷಧ ಶುರುವಾಗಿ ಮೂರ್ನಾಲ್ಕು ವಾರಕ್ಕೆ ಕೆಮ್ಮು ಇಳಿದು ಮೈಗೆ ಬಲ ಬರುತ್ತದೆ. ಇಟ್ಟಿಗೆ ಭಟ್ಟಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತಾರೆ. ಆರು ತಿಂಗಳ ಚಿಕಿತ್ಸೆ ಅಲ್ಲಿಗೆ ನಿಂತರೆ ಉಳಿದ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು. ಹೋಗುವುದಾದರೆ ಹೋಗಲಿ, ಯಾವ ಊರಿಗೆ ಎಂದು ಆಶಾ ಕಾರ್ಯಕರ್ತೆಗೆ ಹೇಳಿ, ಕ್ಷಯರೋಗಿಯ ನೋಂದಣಿ ಸಂಖ್ಯೆಯಾದ ನಿಕ್ಷಯ್ ಐಡಿ ಬರೆದುಕೊಂಡು ಹೋದರೆ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲೇ ಔಷಧ ಮುಂದುವರಿಯುತ್ತದೆ.

ತಪ್ಪಿದ ಕೂಲಿಯನ್ನು ತುಂಬಿಕೊಡಲು ಸಾಧ್ಯವೇ ಇಲ್ಲವೇ? ಇದೆ, ನೌಕರರ ರಾಜ್ಯ ವಿಮೆಯಲ್ಲಿ (ಇಎಸ್‌ಐ) 1952ರಿಂದಲೇ ಇದೆ. ಇಎಸ್‌ಐನಲ್ಲಿ ನೌಕರ ಸಂಬಳದ ಶೇ 0.75, ಮಾಲೀಕ ಶೇ 3.25 ಕಟ್ಟಿದರೆ, ಕಾಯಿಲೆ ಬಿದ್ದಾಗ ದಿನಗೂಲಿಯ ಶೇ 70ರಷ್ಟು ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕ್ಷಯ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ಶೇ 80, ಇನ್ನೂ ಹೆಚ್ಚು ಕಾಲ. ಗಾರ್ಮೆಂಟ್ಸ್ ಕೆಲಸದವರು ಇದನ್ನು ಕಳೆದುಕೊಳ್ಳುವುದು ಸಾಮಾನ್ಯವಾಗಿ ಎರಡು ಕಡೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು. ಫ್ಯಾಕ್ಟರಿ ಬದಲಿಸಿ ನಡುವೆ ಮನೆಯಲ್ಲಿ ಕೂತವರಿಗೆ ಅದು ತಪ್ಪುತ್ತದೆ. ಮತ್ತೆ, ರಜೆಯ ಸರ್ಟಿಫಿಕೇಟನ್ನು ಇಎಸ್‌ಐ ಚಿಕಿತ್ಸಾಲಯದಿಂದ ಪಡೆಯದೆ ಖಾಸಗಿ ವೈದ್ಯರಲ್ಲಿ ತೋರಿಸಿಕೊಂಡು ಬಂದರೆ ಹಣ ಬರುವುದು ಕಷ್ಟ. ಹೊಸ ಕಡೆ ಸೇರಿದಾಗ ಹಳೆಯ ವಿಮಾ ಸಂಖ್ಯೆಯನ್ನೇ ಕೊಡಬೇಕು, ಹೊಸದು ಮಾಡಿಸಬಾರದು. ಸಂಬಳ 21,000 ರೂ. ದಾಟಿದವರಿಗೆ ಈ ರಕ್ಷಣೆ ಮುಂದುವರಿಯುವುದಿಲ್ಲ. ಗದ್ದೆಯಲ್ಲಿ, ಮನೆಗೆಲಸದಲ್ಲಿ, ಹಮಾಲಿಯಲ್ಲಿ ಇರುವವರಿಗೆ ಅದು ಮೊದಲಿನಿಂದಲೂ ಇಲ್ಲ.

ನಡುವೆ ಸಿಕ್ಕಿಕೊಂಡವರ ಪಾಡು ಇನ್ನೊಂದು. ಗಂಡ ಹೆಂಡತಿ ಇಬ್ಬರೂ ತಿಂಗಳಿಗೆ 25 ದಿನ, ಸರ್ಕಾರದ್ದೇ 370 ರೂ. ದರದಲ್ಲಿ ದುಡಿದರೆ ವರ್ಷಕ್ಕೆ 2,22,000 ರೂ. ಆಗುತ್ತದೆ, ಕಾಗದದ ಮೇಲೆ ಅವರು ಬಡವರಲ್ಲ. ಎಪಿಎಲ್ ಕಾರ್ಡಿಗೆ ಯೋಜನೆ ಕೊಡುವುದು ಪ್ಯಾಕೇಜ್ ದರದ ಶೇ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಲಕ್ಷ ರೂಪಾಯಿಯ ಪ್ಯಾಕೇಜಿಗೆ 70,000 ಕೈಯಿಂದ. ಒಡವೆ ಅಡವಿಡುವುದು, ಕೈಸಾಲ, ಕೊನೆಗೆ ಮೀಟರ್ ಬಡ್ಡಿ ಇಲ್ಲಿಂದಲೇ ಶುರು.

ಕಾರ್ಡ್ ಇದ್ದವರೂ ಕೈಸುಟ್ಟುಕೊಳ್ಳುವುದು ಅವಸರದಲ್ಲಿ. ಮೊದಲು ದುಡ್ಡು ಕಟ್ಟಿ ದಾಖಲಾಗಿ, ಬಿಲ್ ಬೆಳೆದ ಮೇಲೆ ಕಾರ್ಡ್ ತಂದರೆ ಯೋಜನೆಗೆ ಸೇರಿಸುವುದು ಆಗದ ಮಾತು. ಚಿಕಿತ್ಸೆಗೆ ಮುಂಚೆ ಅನುಮತಿ ಬೇಕು. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ, ಯೋಜನೆಯ ನೆರವಿಗೆಂದೇ ಅಲ್ಲಿರುವ ಆರೋಗ್ಯ ಮಿತ್ರರ ಮೇಜಿಗೆ ಹೋಗಿ ಪಡಿತರ ಚೀಟಿ, ಆಧಾರ್ ಕೊಡಬೇಕು. ಖಾಸಗಿಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾದ ಚಿಕಿತ್ಸೆಗಳೇ ಹೆಚ್ಚು. ಹೃದಯಾಘಾತ, ತಲೆಗೆ ಪೆಟ್ಟಿನಂಥ ತುರ್ತು ಪಟ್ಟಿಯವಕ್ಕೆ ಅದು ಬೇಡ. ಹೊಸದಾಗಿ ಬಂದ ಸೊಸೆಯ ಹೆಸರು ಕಾರ್ಡಿಗೆ ಸೇರಿಲ್ಲದಿರುವುದು, ಆಧಾರ್ ಹೆಸರಿಗೂ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸ, ಇವು ಆರೋಗ್ಯವಾಗಿದ್ದಾಗಲೇ ಸರಿಪಡಿಸಬೇಕಾದವು. ಯೋಜನೆಯಡಿ ದಾಖಲಾದ ಬಿಪಿಎಲ್ ರೋಗಿಯಿಂದ ಪ್ಯಾಕೇಜಿನ ಚಿಕಿತ್ಸೆಗೆ ಬೇರೆ ಹಣ ಕೇಳಿದರೆ ಸಹಾಯವಾಣಿ 104ಕ್ಕೋ 14555ಕ್ಕೋ ಫೋನ್ ಮಾಡಿ ದೂರಬಹುದು. ತುರ್ತು ಸ್ಥಿತಿಯಲ್ಲಿ ಮುಂಗಡ ಕಟ್ಟಲಿಲ್ಲವೆಂದು ಪ್ರಾಥಮಿಕ ಚಿಕಿತ್ಸೆ ನಿರಾಕರಿಸುವಂತಿಲ್ಲ, ಬಾಕಿ ಇದೆಯೆಂದು ಶವ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ.

ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ಕೇಂದ್ರದ ಲೆಕ್ಕಪತ್ರ ಹೇಳುತ್ತದೆ. ಸಂತೋಷ. ತಪ್ಪಿದ ಕೂಲಿ, ಕೊಳ್ಳದೆ ಬಿಟ್ಟ ಮಾತ್ರೆ ಆ ಲೆಕ್ಕದಲ್ಲಿ ಬರುವುದಿಲ್ಲ. ಕೊಳ್ಳದೆ ಬಿಟ್ಟರೆ ಖರ್ಚು ಸೊನ್ನೆ ತಾನೆ?

ಆರೋಗ್ಯ ಇಲಾಖೆಯನ್ನು ಕೇಳುವುದು ದೊಡ್ಡದೇನಲ್ಲ. ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೊರ್ವಾಸ್ಟಾಟಿನ್ ಮೂರನ್ನು ವರ್ಷಪೂರ್ತಿ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡಲಿ, ಅದರ ಖರ್ಚನ್ನು ಪ್ಯಾಕೇಜಿಗೇ ಸೇರಿಸಲಿ. ಹತೋಟಿಯಲ್ಲಿರುವ ಬಿಪಿ, ಸಕ್ಕರೆ ರೋಗಿಗೆ ಹತ್ತು ಹದಿನೈದು ದಿನದ ಬದಲು ಮೂರು ತಿಂಗಳ ಮಾತ್ರೆ ಒಟ್ಟಿಗೆ ಸಿಗಲಿ. ವಾರದಲ್ಲಿ ಎರಡು ಸಂಜೆ, ಆರರಿಂದ ಎಂಟು, ಆರೋಗ್ಯ ಕೇಂದ್ರ ತೆರೆದಿರಲಿ. ಡಯಾಲಿಸಿಸ್ ರೋಗಿಗೆ ಬಸ್ ಪಾಸು, ಸಾಧ್ಯವಾದರೆ ತಿಂಗಳಿಗೊಂದಿಷ್ಟು ಕೂಲಿ ಭತ್ಯೆ ಸಿಗಲಿ.

ಇದಕ್ಕೆಲ್ಲ ಆದೇಶ, ಅನುದಾನ ಬೇಕು ಎನ್ನುವುದಾದರೆ ನಾಳೆಯೇ ಆಗಬಹುದಾದ ಒಂದು ಕೆಲಸವಿದೆ. ಬಿಡುಗಡೆ ಚೀಟಿ ಇರುವುದು ಇಂಗ್ಲಿಷಿನಲ್ಲಿ. ಐದಾರು ಮಾತ್ರೆಯ ಸಾಲಿನಲ್ಲಿ ಯಾವುದು ಜೀವ ಹಿಡಿದಿರುವುದು, ಯಾವುದು ಗ್ಯಾಸಿನದ್ದು ಎಂದು ರೋಗಿಗೆ ಓದಲಾಗುವುದಿಲ್ಲ. ‘ದುಡ್ಡಿಲ್ಲದಿದ್ದರೂ ಈ ಮಾತ್ರೆ ನಿಲ್ಲಿಸಬೇಡಿ, ಇಲ್ಲಿಗೆ ಬನ್ನಿ’ ಎಂದು ಕನ್ನಡದಲ್ಲಿ ಒಂದು ರಬ್ಬರ್ ಸ್ಟಾಂಪ್ ಮಾಡಿಸಿ, ಆ ಸಾಲಿನ ಪಕ್ಕ ಒತ್ತಿ, ಕೆಳಗೆ ವಾರ್ಡಿನ ಫೋನ್ ನಂಬರ್ ಬರೆದುಕೊಡಲಿ.

– ಔಷಧ ವಿತರಣೆ ಮತ್ತು ಸಮುದಾಯ ಆರೋಗ್ಯದ ಕೆಲಸದಲ್ಲಿರುವ ಕೆಲವರು, ದಾವಣಗೆರೆ